ಕೆನಡಿ ಹಿಂದೆ ಸರಿದಿದ್ದರು

ನಿನ್ನೆ ಟಿವಿ ಚರ್ಚೆಯಲ್ಲಿ ಒಬ್ಬರು ಮೇಜು ಕುಟ್ಟಿ ಹೇಳುತ್ತಿದ್ದರು: ‘ಅಣ್ವಸ್ತ್ರ ಇರುವ ಶತ್ರುವಿನ ಎದುರು ಒಂದಿಂಚೂ ಸರಿಯಬಾರದು. 1962ರಲ್ಲಿ ಅಮೆರಿಕದ ಅಧ್ಯಕ್ಷ ಕೆನಡಿ ಹಾಗೆ ನಿಂತಿದ್ದಕ್ಕೇ ಕ್ಯೂಬಾದಿಂದ ರಷ್ಯಾ ಕಾಲ್ಕಿತ್ತಿದ್ದು.’ ಜೊತೆಗೆ ಕೂತಿದ್ದವರಲ್ಲಿ ಒಬ್ಬರೂ ‘ಅಲ್ಲ ಸ್ವಾಮೀ’ ಅನ್ನಲಿಲ್ಲ. ಆಗಿನಿಂದ ಮೈಯೆಲ್ಲ ಉರಿಯುತ್ತಿದೆ. ಶೀತಲ ಸಮರದ ಚರಿತ್ರೆ ನನ್ನ ಹಳೇ ಹುಚ್ಚು ಅಂತ ನಿಮಗೆಲ್ಲ ಗೊತ್ತಲ್ಲ, ಉದ್ದವಾದರೂ ಓದಿ.

ಕೆನಡಿ ಸರಿದರು. ಸರಿದದ್ದನ್ನು ಮುಚ್ಚಿಟ್ಟರು, ಅಷ್ಟೇ.

ಆ ವರ್ಷ ಸೋವಿಯತ್ ಒಕ್ಕೂಟ (ರಷ್ಯಾ ಆಗ ಅದರ ಭಾಗ) ಅಮೆರಿಕದ ಪಕ್ಕದ ದ್ವೀಪ ಕ್ಯೂಬಾಕ್ಕೆ ಗುಟ್ಟಾಗಿ ಅಣು ಕ್ಷಿಪಣಿ ತಂದಿಟ್ಟಿತ್ತು. ಗೊತ್ತಾದ ಮೇಲೆ ಕೆನಡಿ ಅಲ್ಲಿಗೆ ಹೋಗುವ ಹಡಗುಗಳನ್ನು ತಡೆಯಲು ನೌಕಾ ದಿಗ್ಬಂಧನ ಹಾಕಿದ್ದರು. 1962ರ ಅಕ್ಟೋಬರ್ 27, ಶನಿವಾರ. ಅವತ್ತು ಕ್ಯೂಬಾದ ಮೇಲೆ ಹಾರುತ್ತಿದ್ದ ಅಮೆರಿಕದ ಯು-2 ಬೇಹುಗಾರಿಕೆ ವಿಮಾನವನ್ನು ಸೋವಿಯತ್ ಪಡೆ ಹೊಡೆದು ಕೆಡವಿತ್ತು. ಪೈಲಟ್ ರುಡಾಲ್ಫ್ ಆಂಡರ್ಸನ್ ತೀರಿಕೊಂಡಿದ್ದರು. ಬಾಂಬ್ ಹಾಕೋಣ ಅಂತ ಜನರಲ್‌ಗಳು ದುಂಬಾಲು ಬಿದ್ದಿದ್ದರು. ಆ ಸಂಜೆಯೇ ಅಧ್ಯಕ್ಷರ ತಮ್ಮ ರಾಬರ್ಟ್, ಸೋವಿಯತ್ ರಾಯಭಾರಿ ಡೊಬ್ರಿನಿನ್ ಅವರನ್ನು ತಮ್ಮ ಕಚೇರಿಗೆ ಕರೆಸಿದರು. ನೀವು ಕ್ಯೂಬಾದ ಕ್ಷಿಪಣಿ ತೆಗೆಯಿರಿ, ಟರ್ಕಿಯಲ್ಲಿರುವ ನಮ್ಮ ಜುಪಿಟರ್ ಕ್ಷಿಪಣಿಗಳೂ ನಾಲ್ಕೈದು ತಿಂಗಳಲ್ಲಿ ಹೋಗುತ್ತವೆ, ಆದರೆ ಇದು ಹೊರಗೆ ಗೊತ್ತಾಗಬಾರದು ಅಂದರು. ಮರುದಿನ ಸೋವಿಯತ್ ನಾಯಕ ಕ್ರುಶ್ಚೇವ್ ಒಪ್ಪಿಗೆ ಮಾಸ್ಕೋ ರೇಡಿಯೋದಲ್ಲಿ ಬಂತು. ಆಮೇಲೆ ಡೊಬ್ರಿನಿನ್ ಈ ಕೊಡು-ಕೊಳ್ಳುವಿಕೆಯನ್ನು ಬರೆದಿದ್ದ ಕ್ರುಶ್ಚೇವ್ ಪತ್ರ ತಂದುಕೊಟ್ಟರೆ, ರಾಬರ್ಟ್ ಅದನ್ನು ಅವರ ಕೈಗೇ ವಾಪಸು ಕೊಟ್ಟರು. ಕಾಗದದ ಮೇಲೆ ಏನೂ ಉಳಿಯುವಂತಿರಲಿಲ್ಲ. 1963ರ ಏಪ್ರಿಲ್ ಹೊತ್ತಿಗೆ ಟರ್ಕಿಯ ಕ್ಷಿಪಣಿಗಳು ಸದ್ದಿಲ್ಲದೆ ಇಳಿದಿದ್ದವು. ಅಮೆರಿಕದ ಜನರಿಗೆ ಇದೆಲ್ಲ ಪೂರ್ತಿ ತಿಳಿಯಲು ದಶಕಗಳೇ ಹಿಡಿದವು. ‘ಒಂದಿಂಚೂ ಸರಿಯಲಿಲ್ಲ’ ಎಂಬ ಕಥೆ ಬೇರು ಬಿಟ್ಟಿದ್ದು ಆ ಸಂದಿನಲ್ಲೇ.

ನೌಕಾ ದಿಗ್ಬಂಧನ ಹಾಕದಿದ್ದರೆ ಕ್ರುಶ್ಚೇವ್ ಬಗ್ಗುತ್ತಿದ್ದರೇ ಅಂತ ಕೇಳುತ್ತೀರಿ. ಬಗ್ಗುತ್ತಿರಲಿಲ್ಲವೇನೋ. ಆದರೆ ಸಮುದ್ರದಲ್ಲಿ ಹಡಗು ತಡೆದರೆ ಆಗಲೇ ದ್ವೀಪದೊಳಗೆ ಬಂದು ಕೂತಿದ್ದ ಕ್ಷಿಪಣಿ ಎದ್ದು ಹೋಗುತ್ತದೆಯೇ? ಅದೇ ಶನಿವಾರ ದಿಗ್ಬಂಧನದ ಹಡಗುಗಳು ಬಿ-59 ಎಂಬ ಸೋವಿಯತ್ ಜಲಾಂತರ್ಗಾಮಿಯನ್ನು ಮೇಲೆಬ್ಬಿಸಲು ನೀರಿಗೆ ಸಿಡಿಗುಂಡು ಹಾಕುತ್ತಿದ್ದವು. ಅದರೊಳಗೆ ಅಣುಬಾಂಬಿನ ಟಾರ್ಪೆಡೊ ಇತ್ತು. ಹಾಕುತ್ತಿದ್ದವರಿಗೆ ಅದು ಗೊತ್ತೇ ಇರಲಿಲ್ಲ! ಹಟ ಹಿಡಿದು ನಿಲ್ಲುವುದು ಅಂದರೆ ಇದು.

ಕ್ರುಶ್ಚೇವ್ ಬಗ್ಗೆ ನನಗೆ ಮರುಕ ಇದೆ, ಹೇಳಿಬಿಡುತ್ತೇನೆ. ಸುಳ್ಳು ಹೇಳಿ ಕದ್ದು ಕ್ಷಿಪಣಿ ತಂದಿಟ್ಟವರು ಅವರೇ, ಆ ಪಾಪ ಅವರದೇ. ಆದರೂ ಟರ್ಕಿಯ ಗುಟ್ಟು ಬಿಟ್ಟುಕೊಡದೆ, ಸೋತವನು ಎಂಬ ಹೆಸರು ಹೊತ್ತುಕೊಂಡರು. ಕ್ಯೂಬಾದ ನಾಯಕ ಕ್ಯಾಸ್ಟ್ರೋ ಬೈದರು, ಚೀನಾ ಹಂಗಿಸಿತು. 1964ರಲ್ಲಿ ಕುರ್ಚಿಯೂ ಹೋಯಿತು.

ಇವತ್ತು ನಮ್ಮ ಹತ್ತಿರವೂ ಅಣ್ವಸ್ತ್ರ ಇದೆ, ಗಡಿಯಾಚೆಯ ಪಾಕಿಸ್ತಾನ, ಚೀನಾಗಳಲ್ಲೂ ಇದೆ. ಸರಿಯುವುದೇ ಅವಮಾನ ಅಂತ ಮನೆಮನೆಯ ಹುಡುಗರಿಗೆ ಟಿವಿಯಲ್ಲಿ ಕಲಿಸುವುದನ್ನು ನೋಡಿದರೆ ನನಗೆ ಹೆದರಿಕೆಯಾಗುತ್ತದೆ. ಎದುರಾಳಿಗೆ ಅವಮಾನ ಇಲ್ಲವೇ ಅಣುಯುದ್ಧ, ಈ ಎರಡೇ ದಾರಿ ಉಳಿಯುವಂತೆ ಮಾಡಬಾರದು ಎಂದು 1963ರ ಜೂನ್‌ನಲ್ಲಿ ವಾಷಿಂಗ್ಟನ್‌ನ ಅಮೆರಿಕನ್ ಯೂನಿವರ್ಸಿಟಿಯಲ್ಲಿ ಹೇಳಿದವರು ಸ್ವತಃ ಕೆನಡಿ. ಆಗಸ್ಟ್‌ನಲ್ಲಿ ಅದೇ ಕ್ರುಶ್ಚೇವ್ ಸರ್ಕಾರದ ಜೊತೆ ಅಣುಪರೀಕ್ಷೆ ನಿಷೇಧದ ಒಪ್ಪಂದಕ್ಕೂ ಸಹಿ ಬಿತ್ತು. ಕೆನಡಿ ಹೆಸರು ಹೇಳುವವರು ಆ ಭಾಷಣವನ್ನು ದಯವಿಟ್ಟು ಒಂದು ಸಲ ಓದಲಿ.