ಚೀಲ ಸ್ವಲ್ಪ ಮೇಲೆ ಹಿಡೀರಮ್ಮ

ಭಾನುವಾರದಿಂದ ಮನಸ್ಸು ಸರಿಯಿಲ್ಲ. ಎರಡು ಸಲ ಬರೆದು ಅಳಿಸಿದೆ. ಇವತ್ತು ಬರೆದೇ ಬಿಡುತ್ತೇನೆ, ಇಲ್ಲದಿದ್ದರೆ ನಿದ್ದೆ ಬರಲ್ಲ.

ಕಷ್ಟದಲ್ಲಿರುವ ಮನೆಗಳಿಗೆ ನೆರವಾಗುವ ನಮ್ಮ ತಿಪಟೂರಿನ ಸಂಘ ನಿಮಗೆಲ್ಲ ಗೊತ್ತು. ಬೋರ್ಡಿಲ್ಲ, ಆಫೀಸಿಲ್ಲ. ನಿವೃತ್ತ ಮೇಷ್ಟ್ರು, ಕಿರಾಣಿ ಅಂಗಡಿಯ ಶೆಟ್ಟರು, ಇಬ್ಬರು ಆಟೋದವರು, ಒಬ್ಬ ಟೈಲರ್, ಆಸ್ಪತ್ರೆ ಕೆಲಸದಿಂದ ನಿವೃತ್ತರಾದ ಸಿಸ್ಟರ್, ಆಮೇಲೆ ಕೊಬ್ಬರಿ ಮಂಡಿಯಲ್ಲಿ ಲೆಕ್ಕ ಬರೆಯುವ ನಾನು. 2020ರ ಲಾಕ್‌ಡೌನ್‌ನಲ್ಲಿ ಶುರುವಾಗಿದ್ದು ಇನ್ನೂ ನಡೆಯುತ್ತಿದೆ. ತಿಂಗಳಿಗೆ ತಲಾ ಇನ್ನೂರು ರೂಪಾಯಿ. ಜಾಸ್ತಿ ಇದ್ದವರು ಜಾಸ್ತಿ ಹಾಕುತ್ತಾರೆ.

ಹೋದ ತಿಂಗಳು ಪರಿಚಯದವರ ಮೂಲಕ ಒಂದು ದೊಡ್ಡ ಕಂಪನಿಯವರು ಬಂದರು. ನೂರು ಮನೆಗೆ ರೇಷನ್ ಕಿಟ್ ಕೊಡುತ್ತೇವೆ, ಮನೆ ನೀವು ತೋರಿಸಿ ಅಂದರು. ನಮಗೆ ಬಹಳ ಖುಷಿಯಾಯಿತು. ನೂರು ಕಿಟ್ ನಮ್ಮಂಥವರಿಗೆ ಸಣ್ಣ ಮಾತಲ್ಲ. ಆಮೇಲೆ ಒಂದೊಂದೇ ಶುರುವಾಯಿತು. ಆಧಾರ್ ಜೆರಾಕ್ಸ್ ಬೇಕು. ಬಿಪಿಎಲ್ ಕಾರ್ಡ್ ಜೆರಾಕ್ಸ್ ಬೇಕು. ತಗೊಳ್ಳುವವರು ತಾವೇ ಬಂದು ಸಾಲಿನಲ್ಲಿ ನಿಲ್ಲಬೇಕು. ಒಬ್ಬೊಬ್ಬರದ್ದೂ ಫೋಟೋ ಆಗಬೇಕು. ಫೋಟೋದಲ್ಲಿ ಮುಖ ಕಾಣಬೇಕು, ಚೀಲದ ಮೇಲಿನ ಕಂಪನಿ ಹೆಸರೂ ಕಾಣಬೇಕು.

ಮೇಷ್ಟ್ರು ಆಗಲೇ ಮುಖ ಗಂಟು ಹಾಕಿಕೊಂಡಿದ್ದರು. ನಾನೇ ಸಮಾಧಾನ ಹೇಳಿದೆ. ಇರಲಿ ಬಿಡಿ ಸರ್, ಒಂದು ದಿನದ ಮಾತು, ನೂರು ಮನೆಗೆ ಒಂದು ತಿಂಗಳ ಅಕ್ಕಿ ಬರುತ್ತಲ್ಲ ಅಂದೆ. ಹಾಗೆ ಹೇಳಿದ ನನ್ನ ಮೇಲೆ ನನಗೇ ಈಗ ಸಿಟ್ಟು.

ಭಾನುವಾರ ಶಾಮಿಯಾನ, ಮೈಕು, ದೊಡ್ಡ ಬ್ಯಾನರು. ಸಾಲಿನಲ್ಲಿ ಒಬ್ಬ ಅಕ್ಕ ಇದ್ದರು. ಅವರ ಸರದಿ ಬಂತು. ‘ಚೀಲ ಸ್ವಲ್ಪ ಮೇಲೆ ಹಿಡೀರಮ್ಮ, ಹೆಸರು ಕಾಣ್ಲಿ’ ಅಂದ ಫೋಟೋದ ಹುಡುಗ. ಹಿಡಿದರು. ‘ಇನ್ನೊಂಚೂರು. ಈ ಕಡೆ ನೋಡಿ.’ ಹತ್ತು ಕೆಜಿ ಅಕ್ಕಿ, ಬೇಳೆ, ಎಣ್ಣೆ ಎಲ್ಲ ತುಂಬಿದ ಚೀಲ ಅದು. ಎದೆ ಮಟ್ಟಕ್ಕೆ ಎತ್ತಿ ಹಿಡಿದಿದ್ದರು. ಮೊಣಕೈ ನಡುಗುವುದು ನನಗೆ ಕಾಣುತ್ತಿತ್ತು. ‘ಒಂಚೂರು ನಗಿ ಅಮ್ಮ’ ಅಂದ.

ಆಯಮ್ಮ ಚೀಲವನ್ನು ನಿಧಾನವಾಗಿ ಮೇಜಿನ ಮೇಲೆ ಇಟ್ಟರು. ಎಸೆಯಲಿಲ್ಲ, ಬೈಯಲಿಲ್ಲ. ಸೆರಗು ಸರಿ ಮಾಡಿಕೊಂಡರು. ಯಾರ ಮುಖವನ್ನೂ ನೋಡದೆ ಶಾಮಿಯಾನದ ಹಗ್ಗ ದಾಟಿ ಹೊರಟುಹೋದರು.

ನನ್ನ ಪಕ್ಕ ನಿಂತಿದ್ದವರೊಬ್ಬರು, ಓದಿದವರು, ಏನಂದರು ಗೊತ್ತಾ? ‘ನೋಡಿ ಎಷ್ಟು ಕೊಬ್ಬು. ನಿಜವಾಗ್ಲೂ ಹಸಿವಿದ್ದಿದ್ರೆ ಬಿಟ್ಟು ಹೋಗ್ತಿದ್ರಾ?’

ಅಲ್ಲಿ ನನ್ನ ಬಾಯಿ ಕಟ್ಟಿತು. ಇಲ್ಲಿ ಉತ್ತರ ಹೇಳುತ್ತೇನೆ.

ಆ ಅಕ್ಕನ ಯಜಮಾನರು ತೆಂಗಿನ ಮರ ಹತ್ತುವವರು. ನಮ್ಮದು ಕಲ್ಪತರು ನಾಡು ಅಂತ ಎಲ್ಲ ಭಾಷಣದಲ್ಲೂ ಹೇಳುತ್ತೇವೆ. ಐವತ್ತು ಅರವತ್ತು ಅಡಿ ಎತ್ತರದ ಮರಕ್ಕೆ ಸೊಂಟದಲ್ಲಿ ಒಂದು ಮಚ್ಚು ಸಿಕ್ಕಿಸಿಕೊಂಡು ಹತ್ತುವವನ ಮಾತು ಯಾವ ಭಾಷಣದಲ್ಲೂ ಬರಲ್ಲ. ಹೋದ ವರ್ಷ ಭಾದ್ರಪದದಲ್ಲಿ, ಮಳೆ ಬಿಟ್ಟ ಬೆಳಿಗ್ಗೆ, ಮರದ ಮೇಲೆ ಪಾಚಿ ಕಟ್ಟಿತ್ತು. ತಲೆಯ ಹತ್ತಿರ ಹೋಗಿ ಒಂದು ಗರಿಗೆ ಕೈ ಹಾಕಿದ್ದಾರೆ. ಗರಿ ಒಣಗಿತ್ತು. ಬುಡಸಮೇತ ಕಿತ್ತು ಕೈಗೆ ಬಂತು. ಬೆನ್ನುಮೂಳೆ ಮುರಿಯಿತು. ಈಗ ಸೊಂಟದ ಕೆಳಗೆ ಸ್ವಾಧೀನ ಇಲ್ಲ.

ಮರ ಹತ್ತುವವರಿಗೆ ಅಂತಲೇ ತೆಂಗು ಅಭಿವೃದ್ಧಿ ಮಂಡಳಿಯ ‘ಕೇರ ಸುರಕ್ಷಾ’ ಅನ್ನುವ ವಿಮೆ ಇದೆ. ಇವರು ಮಾಡಿಸಿರಲಿಲ್ಲ. ಇಪ್ಪತ್ತು ವರ್ಷ ಯಾರ್ಯಾರದೋ ತೋಟದಲ್ಲಿ ಕಾಯಿ ಕಿತ್ತರು, ಯಾವ ತೋಟದವರೂ ಅವರಿಗೆ ಇದನ್ನು ಹೇಳಿರಲಿಲ್ಲ. ನಾನೂ ಹೇಳಿರಲಿಲ್ಲ. ನಮ್ಮ ಮೂವತ್ತು ಮರಕ್ಕೂ ಅವರೇ ಹತ್ತುತ್ತಿದ್ದರು.

ಈಗ ಆ ಮನೆಗೆ ಕೊಬ್ಬು ಅನ್ನಿ ನೋಡೋಣ.

ಸಂಘ ಆ ಮನೆಗೆ ಏನು ಮಾಡಿತು ಅಂತ ಹೇಳಬೇಕು. ಯಾಕೆಂದರೆ ಇದು ಫೋಟೋದಲ್ಲಿ ಬರುವ ಕೆಲಸ ಅಲ್ಲ. ದುಡಿಯುವವರು ಮಲಗಿದರೆ ಮೊದಲು ನಿಲ್ಲುವುದು ಅಂಗಡಿಯ ಸಾಲ. ಮೊದಲೆರಡು ವಾರ ಕೊಡುತ್ತಾರೆ. ಮೂರನೇ ವಾರ ಹಳೆ ಬಾಕಿ ಎಷ್ಟಾಯಿತು ಅಂತ ಕೇಳುತ್ತಾರೆ. ಆಮೇಲೆ ಹೆಂಗಸರು ಆ ಅಂಗಡಿಯ ಮುಂದೆ ಓಡಾಡುವುದನ್ನೇ ಬಿಡುತ್ತಾರೆ, ಸುತ್ತಿ ಬಳಸಿ ಬೇರೆ ದಾರಿ ಹಿಡಿಯುತ್ತಾರೆ. ಅದಕ್ಕೇ ನಾವು ಮೊದಲು ಮಾಡುವ ಕೆಲಸ ಆ ಬಾಕಿ ತೀರಿಸುವುದು. ಮನೆಯವರಿಗೆ ದುಡ್ಡು ಕೊಡಲ್ಲ, ಚೀಲ ಕೊಡಲ್ಲ. ಅಂಗಡಿಯವರಿಗೆ ಕೊಟ್ಟು, ಪುಸ್ತಕದಲ್ಲಿ ಗೆರೆ ಹೊಡೆಸಿ, ‘ವರ್ತನೆ ಮುಂದುವರಿಸಿ’, ಅಂದರೆ ಎಂದಿನ ಹಾಗೆ ಸಾಮಾನು ಕೊಡಿ ಅನ್ನುತ್ತೇವೆ. ಆ ಹೆಂಗಸು ಮತ್ತೆ ಎಂದಿನ ಹಾಗೆ ಹೋಗಿ ಕಾಲು ಕೆಜಿ ಬೇಳೆ ಕೊಡಿ ಅಂತ ಕೇಳಬಹುದು. ಯಾವ ಬೇಳೆ ಬೇಕು, ಎಷ್ಟು ಬೇಕು ಅನ್ನುವುದು ಆಕೆಯ ಇಷ್ಟ. ಪಕ್ಕದಲ್ಲಿ ನಿಂತ ಗಿರಾಕಿಗೆ ಏನೂ ಗೊತ್ತಾಗಲ್ಲ.

ಆಮೇಲೆ ಏರ್ ಬೆಡ್, ಅಂದರೆ ಮೋಟರಿನಿಂದ ಗಾಳಿ ತುಂಬುವ ಹಾಸಿಗೆ. ಮೈ ಅಲ್ಲಾಡದವರನ್ನು ಒಂದೇ ಮಗ್ಗುಲಲ್ಲಿ ಬಿಟ್ಟರೆ ಬೆನ್ನು, ಸೊಂಟದಲ್ಲಿ ಹುಣ್ಣಾಗುತ್ತದೆ. ಆ ಹುಣ್ಣೇ ಪ್ರಾಣ ತೆಗೆಯಬಹುದು. ಎರಡು ಗಂಟೆಗೊಮ್ಮೆ ಹೊರಳಿಸಬೇಕು, ರಾತ್ರಿಯೂ. ಆ ಅಕ್ಕ ಸಣ್ಣ ಮೈಕಟ್ಟಿನವರು, ಒಬ್ಬರೇ ಹೊರಳಿಸಲು ಆಗಲ್ಲ. ಸಿಸ್ಟರ್ ಹೋಗಿ ಕೈ ಹಿಡಿದು ಕಲಿಸಿದರು. ಬೆಡ್‌ಶೀಟನ್ನು ನಾಲ್ಕು ಮಡಿಕೆ ಮಾಡಿ ಸೊಂಟದ ಕೆಳಗೆ ತೂರಿಸಿ, ಎರಡೂ ತುದಿ ಹಿಡಿದು ಒಮ್ಮೆಲೇ ಎಳೆಯುವುದು. ಪಕ್ಕದ ಮನೆಯ ಪಿಯುಸಿ ಹುಡುಗ ರಾತ್ರಿ ಹನ್ನೊಂದಕ್ಕೆ ಓದು ಮುಗಿಸಿ ಬಂದು ಒಂದು ಸಲ ಹೊರಳಿಸಿ ಹೋಗುತ್ತಾನೆ. ಬೆಳಗಿನ ಜಾವ ನಾಲ್ಕಕ್ಕೆ ಹಾಲು ಕರೆಯಲು ಏಳುವ ಎದುರು ಮನೆಯವರು ಇನ್ನೊಂದು ಸಲ. ಇದಕ್ಕೆ ಯಾರೂ ಪಾಳಿ ಹಚ್ಚಿಲ್ಲ. ಮೊದಲ ವಾರ ಸಿಸ್ಟರ್ ಕೇಳಿಕೊಂಡರು, ಅದೇ ನಡೆಯುತ್ತಿದೆ. ಅಂಗವಿಕಲರ ಕಾರ್ಡಿಗೆ ಆಸ್ಪತ್ರೆಗೆ ಕರೆದುಕೊಂಡು ಹೋಗಿದ್ದು ನಮ್ಮ ಆಟೋದವರು, ಸೀಟು ಬಿಚ್ಚಿಟ್ಟು ಹಾಸಿಗೆ ಹಾಕಿ.

ದುಡ್ಡು ಎಲ್ಲಿಂದ ಅಂತ ಹೊಸಬರು ಕೇಳುತ್ತಾರೆ. ಇನ್ನೂರು ರೂಪಾಯಿಯಲ್ಲಿ ಇಷ್ಟೆಲ್ಲ ಆಗಲ್ಲ. ನಮ್ಮನ್ನು ನಡೆಸುವುದು ಸಂಘದ ಕಾಯಿ. ಉಂಡೆ ಕೊಬ್ಬರಿ ಆಗಬೇಕಾದರೆ ಬಲಿತ ಕಾಯಿ ಅಟ್ಟದ ಮೇಲೆ ಹತ್ತು ಹನ್ನೊಂದು ತಿಂಗಳು ಒಣಗಬೇಕು, ನಿಮಗೆ ಗೊತ್ತಿರುವುದೇ. ಅಟ್ಟಕ್ಕೆ ಕಾಯಿ ಹಾಕುವಾಗಲೇ ಕೆಲವು ರೈತರು ಒಂದು ಮೂಲೆಯಲ್ಲಿ ಐವತ್ತೋ ನೂರೋ ಬೇರೆ ಹಾಕಿಸುತ್ತಾರೆ. ಸುಲಿಸಿ ಮಾರಿದಾಗ ಅಷ್ಟರ ದುಡ್ಡು ನೇರವಾಗಿ ಸಂಘದ ಲೆಕ್ಕಕ್ಕೆ. 2023ರಲ್ಲಿ ಉಂಡೆ ಕೊಬ್ಬರಿಗೆ ಬೆಂಬಲ ಬೆಲೆ ಕ್ವಿಂಟಲ್‌ಗೆ 11,750 ಇತ್ತು. ಹರಾಜಿನಲ್ಲಿ ಅಷ್ಟೂ ಸಿಗದೆ ರೈತರು ಹೊಟ್ಟೆ ಉರಿದುಕೊಂಡ ವರ್ಷ ಅದು. ಈ ಸಲ ಸಂಘದ ಕಾಯಿ ಬರಲ್ಲ ಅಂತ ನಾನು ಎದೆ ಗಟ್ಟಿ ಮಾಡಿಕೊಂಡಿದ್ದೆ. ಒಬ್ಬರೂ ತಪ್ಪಿಸಲಿಲ್ಲ. ಒಬ್ಬ ಯಜಮಾನರು, ತಮಗೇ ಬೆಳೆ ಸಾಲ ಇತ್ತು, ಚೀಲ ಇಳಿಸಿ ‘ಇದರ ತೂಕ ಬೇರೆ ಹಾಕಪ್ಪ’ ಅಂದರು. ನಾನು ತಲೆ ಎತ್ತದೆ ಬರೆದುಕೊಂಡೆ.

ಅವರಿಗೂ ಒಂದು ಫೋಟೋ ಬೇಕಾಗಿರಲಿಲ್ಲ.

ಈಗ ಕೆಲವರು ಹೇಳುವ ಮಾತಿಗೆ ಬರುತ್ತೇನೆ. ದಾಖಲೆ ಕೇಳದೆ ಹೇಗೆ? ಮೋಸ ಮಾಡುವವರು ಇರಲ್ವಾ? ದುಡ್ಡು ಕೊಟ್ಟವರಿಗೆ ಲೆಕ್ಕ ಬೇಡವಾ? ಬೇಕು. ಲೆಕ್ಕ ಬರೆಯುವುದೇ ನನ್ನ ಅನ್ನ. ಇಪ್ಪತ್ತೆರಡು ವರ್ಷದಿಂದ ಮಂಡಿಯಲ್ಲಿ ಅದೇ ಕೆಲಸ ಮಾಡುತ್ತಿದ್ದೇನೆ. ಸಂಘದ ಪುಸ್ತಕವನ್ನು ಯಾರು ಬೇಕಾದರೂ ಬಂದು ನೋಡಬಹುದು. ಅಂಗಡಿಯ ಬಿಲ್ಲಿದೆ, ಔಷಧಿ ಚೀಟಿ ಇದೆ, ಆಟೋದ ಪೆಟ್ರೋಲ್ ಚೀಟಿ ಇದೆ. ಆರು ವರ್ಷಕ್ಕೆ ಹತ್ತಿರ ಆಯಿತು, ಮೋಸ ಮಾಡಿ ತಗೊಂಡವರು ಎರಡೇ ಮನೆ. ಎರಡು ಮನೆ ಮೋಸ ಮಾಡಿತು ಅಂತ ಉಳಿದವರೆಲ್ಲ ಚೀಲ ಎತ್ತಿ ನಗಬೇಕಾ? ಬಿಲ್ಲು ಸಾಕ್ಷಿ ಹೇಳುತ್ತದೆ. ಮುಖ ಯಾಕೆ ಬೇಕು?

ಇನ್ನು ಕಾರ್ಡಿನ ಮಾತು. ಆ ಅಕ್ಕನ ಹೆಸರು ಇರುವುದು ಅತ್ತೆಯ ಕಾರ್ಡಿನಲ್ಲಿ. ಅತ್ತೆ ಇರುವುದು ಇನ್ನೊಬ್ಬ ಮಗನ ಜೊತೆ, ಬೇರೆ ಊರಿನಲ್ಲಿ. ಹಾಗಾಗಿ ಅನ್ನಭಾಗ್ಯದ ಅಕ್ಕಿ ಆ ಮನೆಗೆ. ಗೃಹಲಕ್ಷ್ಮಿಯ 2,000 ಕಾರ್ಡಿನ ಯಜಮಾನಿಗೆ, ಅಂದರೆ ಅತ್ತೆಗೆ. ಬೇರೆ ಕಾರ್ಡಿಗೆ ಅರ್ಜಿ ಹಾಕಿ ಕಾಯುತ್ತಿದ್ದಾರೆ. ಆಪರೇಷನ್ನು ಆಯುಷ್ಮಾನ್ ಭಾರತ್‌–ಆರೋಗ್ಯ ಕರ್ನಾಟಕದಲ್ಲಿ ಆಯಿತು, ಅದು ದೊಡ್ಡ ಉಪಕಾರ, ಇಲ್ಲ ಅನ್ನಲ್ಲ. ಶಕ್ತಿ ಯೋಜನೆ ಬಂದ ಮೇಲೆ ಆಕೆಗೆ ಸರ್ಕಾರಿ ಬಸ್ಸೂ ಫ್ರೀ. ಆದರೆ ಮಲಗಿದ ಮನುಷ್ಯನನ್ನು ಬಸ್ಸಿಗೆ ಹತ್ತಿಸುವುದು ಹೇಗೆ? ಸರ್ಕಾರವೇ ಎಲ್ಲ ಕೊಡುತ್ತಲ್ಲ, ನಿಮ್ಮ ಸಂಘ ಯಾಕೆ ಅನ್ನುವವರು ಆ ಮನೆಯಲ್ಲಿ ಒಂದು ರಾತ್ರಿ ಇದ್ದು ನೋಡಬೇಕು. ಕಂಪನಿಯ ಪಟ್ಟಿಯಲ್ಲೂ ಮೊದಲು ಆಕೆಯ ಹೆಸರು ಬಿದ್ದುಹೋಗಿತ್ತು, ಕಾರ್ಡ್ ಸ್ವಂತದ್ದಲ್ಲ ಅಂತ. ನಾನೇ ಜಗಳ ಆಡಿ ಸೇರಿಸಿದೆ. ಸೇರಿಸಿ ಆ ಸಾಲಿನಲ್ಲಿ ನಿಲ್ಲಿಸಿದೆ.

ನಾನು ಸಿದ್ಧಗಂಗೆಯಲ್ಲಿ ಓದಿದವನು. ಅಪ್ಪ ತೀರಿಕೊಂಡ ವರ್ಷ ಅಮ್ಮ ಟ್ರಂಕ್ ಹೊರಿಸಿ ಕರೆದುಕೊಂಡು ಹೋಗಿ ಬಿಟ್ಟರು. ಆರು ವರ್ಷ ಅಲ್ಲಿ ಉಂಡೆ. ಸಾವಿರಾರು ಹುಡುಗರು ಸಾಲಾಗಿ ಕೂರುತ್ತಿದ್ದೆವು. ಮುದ್ದೆ ಬಡಿಸುವವರು ತಟ್ಟೆ ನೋಡುತ್ತಿದ್ದರು, ನಮ್ಮ ಮುಖ ನೋಡಿ ಯಾವ ಊರು, ಯಾವ ಜಾತಿ, ಅಪ್ಪ ಇದ್ದಾನಾ ಅಂತ ಕೇಳುತ್ತಿರಲಿಲ್ಲ. ರೈತರು ಗಾಡಿಯಲ್ಲಿ ರಾಗಿ, ತೆಂಗಿನಕಾಯಿ, ತರಕಾರಿ ತಂದು ಇಳಿಸಿ ಹೋಗುತ್ತಿದ್ದರು. ಯಾರ ರಾಗಿ ನಮ್ಮ ಮುದ್ದೆಯಾಯಿತು ಅಂತ ನಮಗೆ ಇವತ್ತಿಗೂ ಗೊತ್ತಿಲ್ಲ. 2019ರ ಜನವರಿ 21ರಂದು ಶಿವಕುಮಾರ ಸ್ವಾಮೀಜಿ ಲಿಂಗೈಕ್ಯರಾದಾಗ ಅಂಗಡಿ ಮುಚ್ಚಿ ಓಡಿಹೋದವರಲ್ಲಿ ನಾನೂ ಒಬ್ಬ. ಅವರಿಗೆ ಆಗ 111 ವರ್ಷ. ಆ ಜನಸಾಗರದ ನಡುವೆಯೂ ಬಂದವರಿಗೆಲ್ಲ ಊಟ ಇತ್ತು.

ಹಾಗೆ ಉಂಡು ಬೆಳೆದ ನಾನೇ ಒಂದು ತಪ್ಪು ಮಾಡಿದ್ದೇನೆ. ಹಳಬರಿಗೆ ನೆನಪಿರಬಹುದು. 2020ರ ಏಪ್ರಿಲ್‌ನಲ್ಲಿ ಇಲ್ಲೇ ಒಂದು ಫೋಟೋ ಹಾಕಿದ್ದೆ. ನಮ್ಮ ಮಂಡಿಯ ಹಮಾಲಿಯೊಬ್ಬರ ಮನೆ ಬಾಗಿಲು, ಅವರ ಹೆಂಡತಿ, ಮಗಳು, ನಾನು ಕೊಡುತ್ತಿರುವ ಚೀಲ. ನಿಮ್ಮಲ್ಲಿ ಎಷ್ಟೋ ಜನ ಮೆಚ್ಚಿ ಬರೆದಿರಿ. ಅದನ್ನು ನೋಡಿ ನಾಲ್ಕು ಜನ ದುಡ್ಡೂ ಕಳಿಸಿದರು. ನನಗೆ ಹೆಮ್ಮೆಯಾಗಿತ್ತು. ಶಾಲೆ ಮತ್ತೆ ಶುರುವಾದ ಮೇಲೆ ಒಂದು ಸಂಜೆ ಆ ಹಮಾಲಿ ಬಂದು ಮೇಜಿನ ಹತ್ತಿರ ನಿಂತರು. ‘ಅಣ್ಣ, ಆ ಫೋಟೋ ತೆಗೀತೀರಾ? ಮಗೀನ ಕ್ಲಾಸಲ್ಲಿ ಎಲ್ಲ ಕಿಟ್ಟು, ಕಿಟ್ಟು ಅಂತ ಕರೀತವ್ರೆ. ಸ್ಕೂಲ್‌ಗೆ ಹೋಗಲ್ಲ ಅಂತೈತೆ.’ ಸಿಟ್ಟಿನಿಂದ ಹೇಳಲಿಲ್ಲ. ಅದೇ ನನಗೆ ತಡೆಯಲಾಗಲಿಲ್ಲ. ಅವತ್ತೇ ತೆಗೆದೆ. ಆ ಹುಡುಗಿ ಈಗಲೂ ನನ್ನನ್ನು ಕಂಡರೆ ರಸ್ತೆಯ ಆ ಬದಿಗೆ ಹೋಗುತ್ತಾಳೆ.

ಅದಾದ ಮೇಲೂ ಭಾನುವಾರ ನಾನು ಆ ಶಾಮಿಯಾನದ ಕೆಳಗೆ ನಿಂತಿದ್ದೆ ಅಲ್ವಾ, ಅದು ನನ್ನನ್ನು ತಿನ್ನುತ್ತಿದೆ.

ಆ ಅಕ್ಕ ಹೋದ ಮೇಲೆ ಮೇಷ್ಟ್ರು ಎದ್ದು ಹೋಗಿ ಫೋಟೋ ನಿಲ್ಲಿಸಿ ಅಂದರು. ಫೋಟೋ ಇಲ್ಲದಿದ್ದರೆ ಮೇಲಿನವರು ಒಪ್ಪಲ್ಲ ಸರ್ ಅಂದರು ಕಂಪನಿಯ ಹುಡುಗರು. ಅವರೂ ಕೆಲಸಕ್ಕೆ ಬಂದವರು, ಅವರನ್ನು ಬೈದು ಏನು ಮಾಡುವುದು? ಸಾಲಿನಲ್ಲಿ ಇನ್ನೂ ಎಂಬತ್ತು ಜನ ಇದ್ದರು, ಎಲ್ಲರಿಗೂ ಅಕ್ಕಿ ಬೇಕಿತ್ತು. ಮೇಷ್ಟ್ರು ವಾಪಸ್ ಬಂದು ಕುರ್ಚಿಯಲ್ಲಿ ಕೂತರು. ಮುಗಿಯುವವರೆಗೆ ಒಂದು ಮಾತೂ ಆಡಲಿಲ್ಲ.

ಸೋಮವಾರ ರಾತ್ರಿ ಶೆಟ್ಟರ ಅಂಗಡಿಯ ಹಿಂದೆ ಎಲ್ಲರೂ ಕೂತು ಮಾತಾಡಿದೆವು. ಇನ್ನು ಮುಂದೆ ಯಾರು ಏನು ಕೊಟ್ಟರೂ ಶೆಟ್ಟರ ಅಂಗಡಿಗೆ ಬರಲಿ, ಬಿಲ್ಲು ಕೊಡುತ್ತೇವೆ, ಮನೆ ತೋರಿಸಲ್ಲ, ಸಾಲು ನಿಲ್ಲಿಸಲ್ಲ ಅಂತ ತೀರ್ಮಾನ ಆಯಿತು. ಕಂಪನಿಗೂ ಅದನ್ನೇ ತಿಳಿಸಿದ್ದೇವೆ. ಉತ್ತರ ಬಂದಿಲ್ಲ. ಬರದಿದ್ದರೆ ಬೇಡ.

ನಿನ್ನೆ ಆ ಅಕ್ಕನ ಮನೆಗೆ ಹೋಗಿದ್ದೆ. ತಪ್ಪಾಯಿತು ಅಂದೆ. ‘ನಿಮ್ದೇನಣ್ಣ ತಪ್ಪು’ ಅಂದು ಟೀ ಇಟ್ಟರು. ಫೇಸ್‌ಬುಕ್‌ನಲ್ಲಿ ಬರೆಯಬಹುದಾ ಅಂತ ಕೇಳಿದೆ. ‘ಹೆಸ್ರು ಬ್ಯಾಡ, ಊರು ಬ್ಯಾಡ, ಬೇಕಾದ್ರೆ ಬರೀರಿ’ ಅಂದರು. ಆದ್ದರಿಂದ ಯಾರು, ಯಾವ ಹಳ್ಳಿ ಅಂತ ದಯವಿಟ್ಟು ಯಾರೂ ಕೇಳಬೇಡಿ. ಗೊತ್ತಿರುವವರು ಕಾಮೆಂಟಿನಲ್ಲಿ ಬರೆಯಬೇಡಿ.

ಟೀ ಕುಡಿಯುವಾಗ ಒಳಗಿನಿಂದ ಏರ್ ಬೆಡ್ಡಿನ ಮೋಟರ್ ಗರಗರ ಅನ್ನುತ್ತಿತ್ತು. ಒಂದು ಕಡೆ ಗಾಳಿ ಸರಿಯಾಗಿ ತುಂಬುತ್ತಿಲ್ಲ. ಟೈಲರ್ ಬಿಚ್ಚಿ ನೋಡಿದರು, ಆಗಲಿಲ್ಲ. ಇದನ್ನು ರಿಪೇರಿ ಮಾಡಲು ಗೊತ್ತಿರುವವರು ತಿಪಟೂರು, ಅರಸೀಕೆರೆ, ಗುಬ್ಬಿ ಕಡೆ ಯಾರಾದರೂ ಇದ್ದರೆ ಇವತ್ತೇ ಇನ್‌ಬಾಕ್ಸಿಗೆ ಬನ್ನಿ. ಮನೆಯಲ್ಲಿ ಸುಮ್ನೆ ಬಿದ್ದಿರುವ ಏರ್ ಬೆಡ್ ಇದ್ದರೂ ಹೇಳಿ, ಆಟೋ ಕಳಿಸುತ್ತೇವೆ.