ಷಕಾರಕ್ಕೊಂದು ಎತ್ವ

ಭಾನುವಾರದ ಸವಾರಿ ಮುಗಿದು ಎರಡು ದಿನಗಳಾದರೂ ಆ ಸುದ್ದಿ ನನ್ನ ಸೊಂಟಕ್ಕೆ ಇನ್ನೂ ಮುಟ್ಟಿದಂತಿಲ್ಲ. ಕುರ್ಚಿಯಿಂದ ಏಳುವಾಗಲೆಲ್ಲ ಬಾಯಿಂದ ತಾನಾಗಿಯೇ ಹೊರಡುವ "ಅಯ್ಯಮ್ಮಾ" ಎಂಬ ಉದ್ಗಾರದ ಹಿಂದೆ ನನ್ನ ಭಾವಮೈದುನನ ಪೋರ್ಷೆ 911 ಟರ್ಬೊ ಎಸ್ ಕಾರಿದೆ. ಕಾರಿನ ಮೇಲೆ ನನ್ನ ದೂರೇನೂ ಇಲ್ಲ. ಅರ್ಧ ತಪ್ಪು ಭಾವಮೈದುನನದು, ಮಿಕ್ಕರ್ಧ ನನ್ನ ಮೊಣಕಾಲುಗಳದು.

"ಪೋರ್ಷ್ ತಂದೆಯೇನಯ್ಯಾ?" ಎಂದು ನಾನು ಪ್ರೀತಿಯಿಂದಲೇ ಕೇಳಿದ್ದೆ. ಅವನು ಬಾಗಿಲು ತೆರೆಯುವ ಮೊದಲೇ ಕಿಟಕಿಯಿಂದ ತಿದ್ದಿದ: "ಪೋರ್ಷೆ, ಭಾವ. ಕೊನೆಯ ಷಕಾರಕ್ಕೆ ಎತ್ವ ಇದೆ." ಶಾಲೆಯಲ್ಲಿ ಕಾಗುಣಿತ ಒಪ್ಪಿಸುವ ದಿನ ತಪ್ಪದೆ ಹೊಟ್ಟೆನೋವು ಬರಿಸಿಕೊಳ್ಳುತ್ತಿದ್ದ ಹುಡುಗ ಇವನು.

ಕಾರು ಸುಂದರವಾಗಿದೆ ಎಂಬುದನ್ನು ಈ ಸಿಟ್ಟಿನಲ್ಲಿಯೂ ಅಲ್ಲಗಳೆಯಲಾರೆ. 1963ರ ಫ್ರಾಂಕ್‌ಫರ್ಟ್ ಪ್ರದರ್ಶನದಲ್ಲಿ 901 ಎಂಬ ಹೆಸರಿನಿಂದ ಕಾಣಿಸಿಕೊಂಡು, ನಡುವೆ ಸೊನ್ನೆಯಿರುವ ಮೂರಂಕಿಯ ಹೆಸರುಗಳು ತನ್ನವೆಂದು ಪ್ಯೂಜೊ ಕಂಪನಿ ತಕರಾರು ತೆಗೆದದ್ದರಿಂದ 911 ಆದ ಈ ಕಾರಿಗೆ, ಫರ್ಡಿನೆಂಡ್ ಅಲೆಕ್ಸಾಂಡರ್ ಪೋರ್ಷೆ ಕೊಟ್ಟ ಬೆನ್ನಿನ ಗೆರೆ ಇಂದಿಗೂ ಗುರುತು ತಪ್ಪಿಲ್ಲ. 1990ರ ದಶಕದ ಕೊನೆಯಲ್ಲಿ ಒಂದು ತಲೆಮಾರಿನ ಕಾರಿಗೆ ದುಂಡು ದೀಪಗಳ ಬದಲು ಒಡೆದು ಹರಡಿದ ಮೊಟ್ಟೆಯಂಥ ದೀಪಗಳನ್ನು ಕೂರಿಸಿದಾಗ ಅಭಿಮಾನಿಗಳು ಮುನಿಸಿಕೊಂಡಿದ್ದರು. ಅದರ ಮುಂದಿನ ತಲೆಮಾರಿಗೆ ದುಂಡು ದೀಪಗಳು ಮರಳಿ ಬಂದವು. ಶಾಲೆಯ ದಿನಗಳಲ್ಲಿ ನೋಟುಪುಸ್ತಕದ ಕೊನೆಯ ಹಾಳೆಯ ಮೇಲೆ ನಾನು ಆ ಬೆನ್ನಿನ ಗೆರೆಯನ್ನು ಎಷ್ಟು ಸಲ ಎಳೆದಿದ್ದೆನೋ ಲೆಕ್ಕವಿಲ್ಲ. ಹಿಂಚಕ್ರದ ಮೇಲಿನ ಉಬ್ಬಿಗೆ ಬರುವಾಗ ಪೆನ್ಸಿಲು ಪ್ರತಿ ಸಲವೂ ಕೈಕೊಡುತ್ತಿತ್ತು. ಭಾನುವಾರ ಅದೇ ಉಬ್ಬಿನ ಮೇಲೆ ಮೊದಲ ಬಾರಿಗೆ ಅಂಗೈಯಿಟ್ಟು, ಓಹೋ, ಇಲ್ಲಿ ಹೀಗೆ ತಿರುಗಬೇಕಾಗಿತ್ತೇ ಎಂದುಕೊಳ್ಳುತ್ತ ಸುಮ್ಮನೆ ನಿಂತೆ.

"ಬೆರಳಚ್ಚು ಬೀಳುತ್ತೆ, ಭಾವ" ಎಂದು ಅವನು ಬಟ್ಟೆ ತಂದ.

ಹತ್ತು ನಿಮಿಷ ಓಡಿಸಲು ಕೊಟ್ಟದ್ದು ಅವನ ದೊಡ್ಡ ಮನಸ್ಸು. ಎಂಜಿನ್ ಹಿಂಚಕ್ರಗಳ ಅಚ್ಚಿಗಿಂತಲೂ ಹಿಂದೆ ಕುಳಿತಿರುವುದರಿಂದ ಮುಂಭಾಗ ಹಗುರವಾಗಿದ್ದು, ತಿರುಗಿಸಬೇಕೆಂದು ಯೋಚಿಸುವಷ್ಟರಲ್ಲಿ ಕಾರಿನ ಮೂತಿ ತಿರುಗಿರುತ್ತದೆ. ಹಳೆಯ 911ಗಳಲ್ಲಿ ತಿರುವಿನ ನಡುವೆ ಹೆದರಿ ಆಕ್ಸಿಲರೇಟರಿನಿಂದ ಕಾಲು ತೆಗೆದರೆ ಹಿಂಭಾಗ ತಾನೇ ಮುಂದೆ ಹೋಗಲು ಹವಣಿಸುತ್ತಿತ್ತು. ನಾಲ್ಕೂ ಚಕ್ರಗಳಿಗೆ ಶಕ್ತಿ ಹಂಚುವ ಈ ಕಾರಿನಲ್ಲಿ ಹೆದರಿದವನು ಭಾವಮೈದುನನೊಬ್ಬನೇ. ಪಕ್ಕದ ಆಸನದ ಮುಂದೆ ಇಲ್ಲದ ಬ್ರೇಕನ್ನು ಅವನು ಹತ್ತು ನಿಮಿಷವೂ ತುಳಿಯುತ್ತಲೇ ಇದ್ದ.

ಆಮೇಲೆ ಅವನ ಸರದಿ ಬಂತು. ಖಾಲಿ ರಸ್ತೆಯಲ್ಲಿ ಕಾರು ನಿಲ್ಲಿಸಿ, 3.8 ಲೀಟರ್, ಆರು ಸಿಲಿಂಡರ್, ಎರಡು ಟರ್ಬೊ, 650 ಅಶ್ವಶಕ್ತಿ, ಸೊನ್ನೆಯಿಂದ ನೂರು ಕಿಲೋಮೀಟರ್ ವೇಗಕ್ಕೆ 2.7 ಸೆಕೆಂಡ್ ಎಂದು ಅವನು ಉಪನ್ಯಾಸ ಕೊಡುತ್ತಿದ್ದಾಗ, ಕೇಳಿಯೇ ಗಂಟಲೊಣಗಿದ ನಾನು ನೀರಿನ ಬಾಟಲಿಯ ಮುಚ್ಚಳ ತಿರುಗಿಸಿದ್ದೆ. ಎಡಗಾಲಿನಲ್ಲಿ ಬ್ರೇಕನ್ನೂ ಬಲಗಾಲಿನಲ್ಲಿ ಆಕ್ಸಿಲರೇಟರನ್ನೂ ಒತ್ತಿ, "ಗಟ್ಟಿಯಾಗಿ ಹಿಡ್ಕೊಳ್ಳಿ, ಭಾವ" ಎಂದ. ನಾನು ಬಾಟಲಿಯನ್ನು ಗಟ್ಟಿಯಾಗಿ ಹಿಡಿದುಕೊಂಡೆ. ಮೊದಲನೆಯ ಸೆಕೆಂಡಿನಲ್ಲಿ ನನ್ನ ತಲೆ ಹಿಂದಕ್ಕೆ ಅಂಟಿತು, ಎರಡನೆಯದರಲ್ಲಿ ನೀರು ಮುಖಕ್ಕೆ ಬಂತು, ಉಳಿದ ಮುಕ್ಕಾಲು ಸೆಕೆಂಡಿನಲ್ಲಿ ಅದು ಮಡಿಲಿಗಿಳಿದು ನೆಲೆಸಿತು.

ನಿಜವಾದ ಕಷ್ಟ ಶುರುವಾದದ್ದು ಕಾರು ನಿಂತ ಮೇಲೆ. ಕಾರು ನಿಂತಲ್ಲೆಲ್ಲ ಮೊಬೈಲು ಹಿಡಿದ ಹುಡುಗರು ಎಲ್ಲಿಂದಲೋ ಹುಟ್ಟಿಕೊಳ್ಳುತ್ತಾರೆ. ಅವರೆದುರು ನಾನು ಬಾಗಿಲು ತೆರೆದು ಒಂದು ಕಾಲನ್ನು ಹೊರಗಿಟ್ಟೆ. ಆದರೆ ಹೆಚ್ಚುಕಡಿಮೆ ನೆಲದ ಮಟ್ಟದಲ್ಲಿದ್ದ ಆಸನ, ಎರಡೂ ಪಕ್ಕದ ಉಬ್ಬುಗಳಿಂದ ನನ್ನನ್ನು ತಬ್ಬಿಕೊಂಡು, ಬಿಡಲು ಒಪ್ಪಲಿಲ್ಲ. ಕಾಲನ್ನು ಒಳಗೆಳೆದುಕೊಂಡು ಕೈಯನ್ನು ಹೊರಗೆ ಹಾಕಿದೆ. ಕೈ ನೆಲಕ್ಕೆ ತಾಕಿತು. ಇನ್ನೊಂದು ಕೈಯೂ ತಾಕಿತು. ಹಾಗೆ ಅಂಗೈಗಳೆರಡೂ ರಸ್ತೆಯ ಮೇಲೆ, ಕಾಲುಗಳೆರಡೂ ಕಾರಿನೊಳಗೆ ಇರುವ ಸ್ಥಿತಿಯಲ್ಲಿ, ಪ್ಯಾಂಟಿನ ಮುಂಭಾಗ ಪೂರ್ತಿ ಒದ್ದೆಯಾಗಿರುವ ಐವತ್ತೆರಡರ ಗೃಹಸ್ಥನೊಬ್ಬ ಸಹಾಯಕ್ಕಾಗಿ ತಲೆಯೆತ್ತಿ ನೋಡಿದಾಗ, ಭಾವಮೈದುನ ಮಾಡುತ್ತಿದ್ದದ್ದೇನು? ಅತ್ತ ಕಡೆಯಿಂದ ಬಗ್ಗಿ ಆಸನದ ಚರ್ಮವನ್ನು ಒರೆಸುತ್ತಿದ್ದ. "ಅಂಕಲ್, ಸ್ವಲ್ಪ ಪಕ್ಕಕ್ಕೆ ಬರ್ತೀರಾ? ಚಕ್ರ ಕಾಣ್ತಿಲ್ಲ" ಎಂದ ಒಬ್ಬ ಹುಡುಗ. ಕೊನೆಗೂ ತೆವಳಿ ಎದ್ದು ನಿಂತಾಗ, ಇನ್ನೊಬ್ಬ ನನ್ನ ಪ್ಯಾಂಟನ್ನು ಗಮನಿಸಿ, "ಪರವಾಗಿಲ್ಲ ಅಂಕಲ್, ಅಷ್ಟು ಸ್ಪೀಡಲ್ಲಿ ಯಾರಿಗಾದ್ರೂ ಆಗುತ್ತೆ" ಎಂದು ಮೆಲುದನಿಯಲ್ಲಿ ಸಮಾಧಾನ ಹೇಳಿದ. ಅದು ನೀರು ಎಂದು ನಾನು ಬಾಟಲಿಯನ್ನೇ ಸಾಕ್ಷಿಯಾಗಿ ಎತ್ತಿ ತೋರಿಸಿದೆ. ಅಷ್ಟರಲ್ಲಿ ಅವರೆಲ್ಲರೂ ಹಿಂಭಾಗದ ರೆಕ್ಕೆಯ ಫೋಟೊ ತೆಗೆಯಲು ಹೋಗಿಬಿಟ್ಟಿದ್ದರು.

ಇಂದು ಬೆಳಿಗ್ಗೆ ಭಾವಮೈದುನ ಫೋನು ಮಾಡಿದ್ದ. ಆಸನ ಒಣಗಿದೆಯಂತೆ, ಕಲೆ ಉಳಿದಿಲ್ಲವಂತೆ. ನನ್ನ ಸೊಂಟದ ಪ್ರಸ್ತಾಪವೇ ಬರಲಿಲ್ಲ. ಬರುವ ಭಾನುವಾರ ಮತ್ತೆ ಹೋಗೋಣವೇ ಎಂದು ಕೇಳಿದ. "ನಿನ್ನ ಪೋರ್ಷ್ ಸಹವಾಸ ನನಗೆ ಬೇಡಪ್ಪಾ" ಎಂದೆ. ಅತ್ತ ಕಡೆ ಒಂದು ಕ್ಷಣ ಮೌನ.

"ಎತ್ವ, ಭಾವ" ಎಂದ.