ಸಕುರಾ ಮರದ ಕೆಳಗೆ ಯಾರೂ ಧ್ಯಾನ ಮಾಡುತ್ತಿಲ್ಲ, ಸ್ವಾಮಿ

ಬೆಳಿಗ್ಗೆಯಿಂದ ಒಂದೇ ವಿಡಿಯೊ ಬೇರೆ ಬೇರೆ ಗುಂಪುಗಳಿಂದ ಬಂದು ಬೀಳುತ್ತಿದೆ. ಹಿನ್ನೆಲೆಗೆ ಕೊಳಲು, ಪರದೆಯ ತುಂಬ ಉದುರುವ ದಳಗಳು, ಮೇಲೊಬ್ಬ ಮಹಾನುಭಾವರ ಗಂಭೀರ ದನಿ. ಜಪಾನೀಯರು ವಸಂತ ಬಂದರೆ ಸಕುರಾ, ಅಂದರೆ ಜಪಾನಿನ ಚೆರ್ರಿ, ಮರದ ಕೆಳಗೆ ಮೌನವಾಗಿ ಕುಳಿತು ಬದುಕಿನ ನಶ್ವರತೆಯನ್ನು ಧ್ಯಾನಿಸುತ್ತಾರಂತೆ. ನಾವೋ, ಹೂವು ಕಂಡರೆ ಕೀಳುವ ಜನವಂತೆ. ಎಂದಿನಂತೆ ಕೊನೆಗೆ ನಮಗೊಂದು ಏಟು.

ಟೋಕಿಯೊದಲ್ಲಿದ್ದೇನೆಂಬ ಒಂದೇ ತಪ್ಪಿಗೆ ‘ಹೌದಾ?’ ಎಂದು ಎಲ್ಲರೂ ನನ್ನನ್ನು ಕೇಳುತ್ತಿದ್ದೀರಿ. ನಿನ್ನೆಯಷ್ಟೇ ಇಲ್ಲಿನ ಅಸುಕಾಯಾಮಾ ಉದ್ಯಾನದಲ್ಲಿ ಹನಮಿ, ಅಂದರೆ ಹೂ ನೋಡುವ ಕೂಟ, ಮುಗಿಸಿ ಬಂದಿದ್ದೇನೆ. ಸಸ್ಯಾಹಾರಿಯಾದ ನನ್ನ ಜಾಕೆಟ್ಟಿನಿಂದ ಕರಿದ ಕೋಳಿಯ ವಾಸನೆ ಇನ್ನೂ ಹೋಗಿಲ್ಲ. ಹೇಳುತ್ತೇನೆ, ಕೇಳಿ.

ಮರದ ಕೆಳಗೆ ಮೊದಲು ಕಾಣುವುದು ನೀಲಿ ಟಾರ್ಪಾಲಿನ್. ಅದರ ಮೂಲೆಯಲ್ಲಿ ಗಮ್ ಟೇಪಿನಿಂದ ಅಂಟಿಸಿದ ರಟ್ಟು, ರಟ್ಟಿನ ಮೇಲೆ ಕಂಪನಿಯ ಹೆಸರು, ಬರುವ ಹೊತ್ತು. ಏಪ್ರಿಲ್ ಒಂದಕ್ಕೆ ಕೆಲಸಕ್ಕೆ ಸೇರಿದ ಹುಡುಗನನ್ನು ಜಾಗ ಹಿಡಿಯಲು ಮುಂಜಾನೆಯೇ ಅಟ್ಟಿರುತ್ತಾರೆ. ಪಾಪ, ಚಳಿಯಲ್ಲಿ ಮುದುಡಿ ಮೊಬೈಲ್ ನೋಡುತ್ತಾ ಕೂತಿರುತ್ತಾನೆ. ಟಾರ್ಪಾಲಿನ್ ಅಂಚಿಗೆ ಸಾಲಾಗಿ ಬಿಟ್ಟ ಬೂಟುಗಳು. ರಾತ್ರಿ ಎಂಟರ ಹೊತ್ತಿಗೆ ಯಾರ ಬೂಟು ಯಾರ ಕಾಲಿನಲ್ಲೋ. ಬಿಯರ್, ಸಾಕೆ ಎಂಬ ಅಕ್ಕಿಯ ಮದ್ಯ, ಮೂರು ಬಣ್ಣದ ಅಕ್ಕಿ ಉಂಡೆ ಸಿಕ್ಕಿಸಿದ ಕಡ್ಡಿ, ನನ್ನ ಡಬ್ಬಿಯ ಚಿತ್ರಾನ್ನ. ಹೆಂಗಸರ ಶೌಚಾಲಯದ ಮುಂದಿನ ಸಾಲು ಕಂಡಿದ್ದರೆ ನಶ್ವರತೆ ಬಿಡಿ, ಅನಂತತೆಯ ಬಗ್ಗೆಯೇ ಧ್ಯಾನ ಮಾಡಬಹುದಿತ್ತು. ತಲೆ ಎತ್ತಿ ಹೂ ನೋಡುವವರಿಲ್ಲವೆಂದಲ್ಲ. ನೋಡುತ್ತಾರೆ, ‘ಆಹಾ’ ಎನ್ನುತ್ತಾರೆ, ಮತ್ತೆ ಲೋಟಕ್ಕೆ ಸುರಿದುಕೊಳ್ಳುತ್ತಾರೆ.

ಇದೆಲ್ಲ ಈಗಿನವರು ಕೆಡಿಸಿದ್ದು ಎನ್ನುವವರಿಗೆ ಸ್ವಲ್ಪ ಹಳೆಯ ಸಂಗತಿ. ಅಸುಕಾಯಾಮಾದಲ್ಲಿ 1720ರ ಸುಮಾರಿಗೆ ಸಕುರಾ ನೆಡಿಸಿದವನು ಅಂದಿನ ಶೋಗನ್, ಅಂದರೆ ಸೇನಾಡಳಿತದ ದೊರೆ, ತೊಕುಗಾವಾ ಯೊಶಿಮುನೆ. ಊರಿನ ಇನ್ನೊಂದು ಕಡೆ, ಉಯೆನೊದಲ್ಲಿ, ಆಗಲೇ ಹೂವಿನ ಮರಗಳಿದ್ದವು. ಆದರೆ ಅದು ಶೋಗನ್ ಮನೆತನದ ದೇವಸ್ಥಾನದ ಆವರಣ, ಅಲ್ಲಿ ಕುಡಿತ, ಹಾಡು, ಕುಣಿತ ನಿಷಿದ್ಧ. ಅಸುಕಾಯಾಮಾದಲ್ಲಿ ಆ ಕಟ್ಟುಪಾಡಿರಲಿಲ್ಲ, ಜನ ವೇಷ ಕಟ್ಟಿಕೊಂಡು ಬಂದು ಕುಣಿದರು. ಇನ್ನೂ ಹಿಂದೆ, 1598ರಲ್ಲಿ, ಜಪಾನನ್ನು ಆಳುತ್ತಿದ್ದ ಸೇನಾನಿ ತೊಯೊತೊಮಿ ಹಿದೆಯೊಶಿ ಕ್ಯೋಟೊದ ದೈಗೊ ದೇವಾಲಯಕ್ಕೆ ಸುಮಾರು 1300 ಜನರನ್ನು ಕರೆದು ಹನಮಿ ಔತಣ ನಡೆಸಿದ. ಅದೇ ವರ್ಷ ಸತ್ತ. ಸಾವು ಬಾಗಿಲಿಗೆ ಬಂದಿದ್ದ ಆ ಮುದುಕನೇ ಕಣ್ಣು ಮುಚ್ಚಿ ಕೂರಲಿಲ್ಲ, ಎಲೆ ಹಾಕಿಸಿದ!

ಹಾಗಾದರೆ ಕವಿಗಳು ಬರೆದದ್ದು ಸುಳ್ಳೇ ಎಂದು ನನ್ನ ಸಾಹಿತ್ಯಪ್ರಿಯ ಮಿತ್ರರು ಈಗಾಗಲೇ ಬೆರಳು ಮಡಿಸುತ್ತಿರಬೇಕು. ಸುಳ್ಳಲ್ಲ. ವಸಂತದಲ್ಲಿ, ಹೂವಿನ ಕೆಳಗೆ ಸಾಯಬೇಕೆಂದು ಹನ್ನೆರಡನೇ ಶತಮಾನದ ಕವಿ ಸೈಗ್ಯೋ ಬರೆದ. ಅವನು ಸನ್ಯಾಸಿ, ಅವನಿಗೆ ಅದು ಸಲ್ಲುತ್ತದೆ. ಒಬ್ಬ ಸನ್ಯಾಸಿಯ ಆಸೆಯನ್ನು ಇಡೀ ದೇಶದ ದಿನಚರಿ ಮಾಡಬೇಡಿ. ಇನ್ನು, ಎಲ್ಲ ಮರಗಳೂ ಒಟ್ಟಿಗೆ ಅರಳಿ ಒಟ್ಟಿಗೆ ಉದುರುವುದರಲ್ಲಿ ಅದೇನೋ ಗೂಢಾರ್ಥ ಇದೆಯಂತೆ. ಈಗ ಊರೂರಿಗೂ ಕಾಣುವ ಸೊಮೆಯ್ ಯೊಶಿನೊ ತಳಿಯನ್ನು ಕಸಿ ಕಟ್ಟಿಯೇ ಬೆಳೆಸುವುದು. ಎಲ್ಲವೂ ಒಂದೇ ಮರದ ತದ್ರೂಪುಗಳು, ಒಂದೇ ಹವೆಗೆ ಒಟ್ಟಿಗೆ ಅರಳದೆ ಇನ್ನೇನು ಮಾಡಬೇಕು?

ನನಗೆ ಇಷ್ಟು ಸಿಟ್ಟೇಕೆ ಎಂದರೆ, ಈ ‘ಚೆಂದವಾಗಿ ಉದುರುವ’ ಮಾತು ಬರೀ ಮಾತಾಗಿ ಉಳಿದದ್ದಲ್ಲ. ಮಹಾಯುದ್ಧದಲ್ಲಿ, 1944ರ ಅಕ್ಟೋಬರಿನಲ್ಲಿ, ಜಪಾನಿನ ಮೊದಲ ಆತ್ಮಾಹುತಿ ವಿಮಾನದಳಗಳಿಗೆ ಹೆಸರು ತೆಗೆದದ್ದು ಹದಿನೆಂಟನೇ ಶತಮಾನದ ವಿದ್ವಾಂಸ ಮೊತೊಒರಿ ನೊರಿನಾಗಾನ ಸಕುರಾ ಪದ್ಯದಿಂದ. ಆ ಪದ್ಯದಲ್ಲಿ ಉದುರುವ ಸುದ್ದಿಯೇ ಇಲ್ಲ; ಎಳೆಬಿಸಿಲಿನಲ್ಲಿ ಅರಳಿ ನಿಂತ ಕಾಡು ಸಕುರಾ ಇದೆ, ಅಷ್ಟೇ. ಪೈಲಟ್ ಸಮೇತ ಹಡಗಿಗೆ ಅಪ್ಪಳಿಸಲೆಂದೇ ಕಟ್ಟಿದ ರಾಕೆಟ್ ವಿಮಾನಕ್ಕೆ ‘ಓಕಾ’, ಅಂದರೆ ಸಕುರಾ ಹೂವು, ಎಂದು ಹೆಸರಿಟ್ಟು ಅದರ ಮೈಮೇಲೂ ಹೂವು ಬರೆದರು. ಮೀಸೆ ಮೂಡದ ಹುಡುಗರನ್ನು ಅದರೊಳಗೆ ಕೂರಿಸಿದವರಿಗೂ ನಶ್ವರತೆ ಬಹಳ ಇಷ್ಟವಿತ್ತು.

ಇನ್ನೊಂದನ್ನೂ ಹೇಳಿಬಿಡುತ್ತೇನೆ. ನನ್ನಮ್ಮ ತೀರಿಕೊಂಡ ವಾರ ಇಲ್ಲಿ ಹೂವಿನ ಕಾಲ. ಊರಿಗೆ ಹೋಗಲು ಟಿಕೆಟ್ ಹುಡುಕುತ್ತಾ ಕುಳಿತಿದ್ದಾಗ ಒಬ್ಬರು ಉದುರುವ ಸಕುರಾದ ಚಿತ್ರ ಕಳಿಸಿ ‘ಎಲ್ಲವೂ ಹೀಗೆಯೇ’ ಎಂದು ಬರೆದರು. ಮೊಬೈಲನ್ನು ಗೋಡೆಗೆ ಎಸೆಯುವುದೊಂದು ಬಾಕಿ. ನಮ್ಮಮ್ಮ ಹೂವಲ್ಲ ಮಾರಾಯರೇ, ನಮ್ಮಮ್ಮ. ಅಂದು ಸಮಾಧಾನ ಕೊಟ್ಟವರು ಪಕ್ಕದ ಮನೆಯ ಅಜ್ಜಿ: ಉಪ್ಪಿನಲ್ಲಿ ಹಾಕಿಟ್ಟ ಸಕುರಾ ಎಲೆ ಸುತ್ತಿದ ಮೋಚಿ ಎಂಬ ಅಂಟು ಅಕ್ಕಿಯ ಸಿಹಿಯನ್ನು ತಟ್ಟೆಯಲ್ಲಿಟ್ಟು, ‘ತಿನ್ನು’ ಎಂದಷ್ಟೇ ಹೇಳಿ ಹೋದರು.

ಮಹಾನುಭಾವರು ಮುಂದಿನ ವಸಂತಕ್ಕೆ ಶಿಬಿರಾರ್ಥಿಗಳನ್ನು ಕಟ್ಟಿಕೊಂಡು ಟೋಕಿಯೊಗೆ ಬರುತ್ತಾರೆಂದು ವಿಡಿಯೊದ ಕೊನೆಯಲ್ಲಿದೆ. ಬರಲಿ. ಜಾಗ ಹಿಡಿಯಲು ಒಬ್ಬ ಹುಡುಗನನ್ನೂ, ಕಸ ಹೊತ್ತೊಯ್ಯಲು ಚೀಲಗಳನ್ನೂ ತರಲಿ. ಕೊಳಲು ಊರಲ್ಲೇ ಇರಲಿ. ಪಕ್ಕದ ಟಾರ್ಪಾಲಿನ್‌ನ ಹಾಡಿನ ಮುಂದೆ ಅದು ಯಾರಿಗೂ ಕೇಳಿಸುವುದಿಲ್ಲ.